ಬಿಟ್ಟುಹೋಗುವವರ ಗಣಿತ

ಶಿರಸಿಯ ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರು ಹದಿನೈದು ದಿನಕ್ಕೊಮ್ಮೆ ಮಲೆನಾಡಿನ ಹಕ್ಕಿಗಳ ಬಗ್ಗೆ ಇಮೇಲಿನಲ್ಲಿ ಒಂದು ಸುದ್ದಿಪತ್ರ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿರುವವರು 200 ಜನ. ಪ್ರತಿ ಸಂಚಿಕೆಯನ್ನೂ 120 ಮಂದಿ ತೆರೆದು ನೋಡುತ್ತಾರೆ, ಅಂದರೆ ನೂರಕ್ಕೆ 60. ಒಂದು ಸಲ ಅವರ ಮಂಗಟ್ಟೆ ಹಕ್ಕಿಯ ಬರಹ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿ, ಬೆಂಗಳೂರು, ದುಬೈ, ನ್ಯೂಜೆರ್ಸಿಗಳಿಂದ 800 ಹೊಸ ಚಂದಾದಾರರು ಬಂದು ಸೇರುತ್ತಾರೆ. ಮುಂದಿನ ಸಂಚಿಕೆ ಹೋದ ಮೇಲೆ ಲೆಕ್ಕ ನೋಡಿದರೆ 1000 ಜನರಲ್ಲಿ ತೆರೆದವರು 360. ನೂರಕ್ಕೆ 60 ಇದ್ದದ್ದು 36ಕ್ಕೆ ಇಳಿದಿದೆ. ಬರಹ ಸಪ್ಪೆಯಾಯಿತೇ? ಓದುಗರಿಗೆ ಬೇಸರ ಬಂತೇ?

ಎರಡೂ ಅಲ್ಲ. ಹಳೆಯ 200 ಜನರಲ್ಲಿ ಈಗಲೂ 120 ಮಂದಿ ತೆರೆದಿದ್ದಾರೆ. ಹೊಸ 800 ಜನರಲ್ಲಿ ತೆರೆದವರು 240, ಅಂದರೆ ನೂರಕ್ಕೆ 30. ಎರಡೂ ಗುಂಪನ್ನು ಕಲಸಿದಾಗ 36 ಬಂತು, ಅಷ್ಟೆ. ಹಳಬರಲ್ಲಿ ಒಬ್ಬರೂ ಬದಲಾಗಿಲ್ಲ. ಹುಡುಕಿಕೊಂಡು ಬಂದವರ ಜೊತೆಗೆ, ದಾರಿಯಲ್ಲಿ ಹೋಗುತ್ತ ಇಣುಕಿದವರೂ ಸೇರಿದ್ದಾರೆ. ಇದನ್ನು ಗಮನಿಸದೆ ಮೇಷ್ಟ್ರು ಗಾಬರಿಬಿದ್ದು, ಹೊಸಬರನ್ನು ಒಲಿಸಲೆಂದು ಪತ್ರದ ಧಾಟಿಯನ್ನೇ ಬದಲಿಸಿದರೆ ಆ 120 ಮಂದಿಯೂ ಕೈಬಿಟ್ಟು ಹೋಗಬಹುದು.

ಜನಸಂಖ್ಯಾ ಶಾಸ್ತ್ರದವರಿಗೆ ಸರಾಸರಿಯ ಈ ಮೋಸ ಹಳೆಯದು. ಅದಕ್ಕೇ ಅವರು ಊರಿನ ಜನರನ್ನೆಲ್ಲ ಒಟ್ಟಿಗೆ ಎಣಿಸುವುದಿಲ್ಲ. ಒಂದೇ ವರ್ಷ ಹುಟ್ಟಿದವರನ್ನು ಒಂದು ಕೋಹಾರ್ಟ್ ಎಂದು ಬೇರೆ ಇಟ್ಟು, ಆ ಗುಂಪು ಹೇಗೆ ಸಾಗಿತು ಎಂದು ವರ್ಷವರ್ಷವೂ ಹಿಂಬಾಲಿಸುತ್ತಾರೆ. ಪತ್ರದ ಪಟ್ಟಿಗೂ ಅದೇ ಕ್ರಮ ಸಾಕು. ಜೂನಿನಲ್ಲಿ ಸೇರಿದವರು ಒಂದು ಕೋಹಾರ್ಟ್, ಜುಲೈಯವರು ಇನ್ನೊಂದು. ಸೇರಿ ಮೂರು ತಿಂಗಳಾದ ಮೇಲೆ ಜೂನಿನವರಲ್ಲಿ ಎಷ್ಟು ಮಂದಿ ಓದುತ್ತಿದ್ದಾರೆ, ಜುಲೈಯವರಲ್ಲಿ ಎಷ್ಟು? ಈ ಎರಡು ಅಂಕಿಗಳನ್ನು ಹೋಲಿಸಿದರೆ ಪತ್ರದ ನಾಡಿ ಸಿಗುತ್ತದೆ.

ತೂತಿರುವ ತೊಟ್ಟಿ

ಪಟ್ಟಿ ಎಲ್ಲಿಯವರೆಗೆ ಬೆಳೆಯುತ್ತದೆ? ಮೇಷ್ಟ್ರ ಪಟ್ಟಿಗೆ ತಿಂಗಳಿಗೆ 20 ಜನ ಸೇರುತ್ತಾರೆ, ಇರುವವರಲ್ಲಿ ನೂರಕ್ಕೆ 2 ಮಂದಿ ಬಿಡುತ್ತಾರೆ ಅಂದುಕೊಳ್ಳಿ. 200 ಜನ ಇರುವಾಗ ಬಿಡುವವರು 4, ಸೇರುವವರು 20. ಪಟ್ಟಿ ಸರಸರನೆ ಏರುತ್ತದೆ. 600 ಮುಟ್ಟಿದಾಗ ಬಿಡುವವರು 12. ಪಟ್ಟಿ 1000ದ ಹತ್ತಿರ ಬಂದಾಗ ಸುಮಾರು 20 ಜನ ಒಳಗೆ ಬಂದರೆ 20 ಜನ ಹೊರಗೆ ಹೋಗುತ್ತಾರೆ. ಅಲ್ಲಿಗೆ ಬೆಳವಣಿಗೆ ಖತಂ. ತಳದಲ್ಲಿ ತೂತಿರುವ ತೊಟ್ಟಿಯ ನಲ್ಲಿ ಬಿಟ್ಟರೆ ನೀರು ಒಂದು ಮಟ್ಟಕ್ಕೆ ಏರಿ ನಿಂತುಬಿಡುತ್ತದಲ್ಲ, ಹಾಗೆ. ತಿಂಗಳಿಗೆ ಸೇರುವವರ ಸಂಖ್ಯೆಯನ್ನು ಬಿಡುವವರ ದರದಿಂದ ಭಾಗಿಸಿದರೆ ಆ ಮಟ್ಟ ಸಿಗುತ್ತದೆ: 20ನ್ನು 0.02ರಿಂದ ಭಾಗಿಸಿದರೆ 1000.

ಪಟ್ಟಿಯನ್ನು 2000ಕ್ಕೆ ಏರಿಸಲು ದಾರಿಗಳು ಎರಡೇ. ಸೇರುವವರನ್ನು 40ಕ್ಕೆ ಏರಿಸಬೇಕು, ಇಲ್ಲವೇ ಬಿಡುವ ದರವನ್ನು ನೂರಕ್ಕೆ 1ಕ್ಕೆ ಇಳಿಸಬೇಕು. ಗಣಿತದ ಕಣ್ಣಿಗೆ ಎರಡೂ ಒಂದೇ. ಪ್ರಚಾರಕ್ಕೆ ಒದ್ದಾಡುವವರು ಮೊದಲನೆಯದನ್ನು ಹಿಡಿಯುತ್ತಾರೆ. ಎರಡನೆಯದರತ್ತ ನೋಡುವವರು ಕಡಿಮೆ.

ನೂರಕ್ಕೆ 2ರಂತೆ ಕರಗುತ್ತ ಹೋದರೆ, ಹೊಸಬರು ಯಾರೂ ಸೇರದಿದ್ದಾಗ, ಪಟ್ಟಿ ಅರ್ಧಕ್ಕಿಳಿಯಲು ಸುಮಾರು 34 ತಿಂಗಳು ಬೇಕು. ವಿಕಿರಣಶೀಲ ಧಾತುಗಳ ಅರ್ಧಾಯುಷ್ಯದ ಲೆಕ್ಕವೇ ಇದು. ಆದರೆ ರೇಡಿಯಂಗೂ ಓದುಗರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರೇಡಿಯಂ ಪರಮಾಣುವಿಗೆ ವಯಸ್ಸಾಗುವುದಿಲ್ಲ. ಸಾವಿರ ವರ್ಷ ಉಳಿದು ಬಂದ ಪರಮಾಣುವೂ ನಿನ್ನೆ ಹುಟ್ಟಿದ್ದೂ ನಾಳೆ ಸಿಡಿಯುವ ಸಂಭವ ಒಂದೇ. ಓದುಗರು ಹಾಗಲ್ಲ. ಯಾವುದೋ ಹುಮ್ಮಸ್ಸಿಗೆ ಸೇರಿದವರು ಮೊದಲ ಎರಡು ಮೂರು ಸಂಚಿಕೆಗಳಲ್ಲೇ ಜಾರಿಕೊಳ್ಳುತ್ತಾರೆ. ಅಷ್ಟು ದಾಟಿದವರು ಗಟ್ಟಿಗರು. ವರ್ಷ ದಾಟಿದವರು ಇನ್ನೂ ಗಟ್ಟಿ. ಹಾಗಾಗಿ ಸೋರಿಕೆ ಜೋರಾಗಿರುವುದು ಬಾಗಿಲ ಹತ್ತಿರದಲ್ಲೇ. ಹೊಸಬರಿಗೆ ಹೋಗುವ ಮೊದಲ ಪತ್ರದಲ್ಲಿ, ಇಲ್ಲಿ ಏನು ಸಿಗುತ್ತದೆ, ಎಷ್ಟು ದಿನಕ್ಕೊಮ್ಮೆ ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟರೆ ತಪ್ಪಿ ಬಂದವರು ಅಲ್ಲೇ ಹೊರಡುತ್ತಾರೆ. ಅದು ನಷ್ಟವಲ್ಲ. ಏಕೆಂದು ತಿಳಿಯಲು ಇಮೇಲಿನ ಅಂಚೆ ಕಚೇರಿಯೊಳಗೆ ಹೋಗಬೇಕು.

ಕಾಣದ ಚುಕ್ಕೆಯ ಸಾಕ್ಷ್ಯ

ಅದಕ್ಕೂ ಮೊದಲು ಒಂದು ಅನುಮಾನ ತೀರಿಸಿಕೊಳ್ಳೋಣ. 120 ಮಂದಿ ಪತ್ರ ತೆರೆದರು ಎಂದು ಮೇಷ್ಟ್ರಿಗೆ ಗೊತ್ತಾದದ್ದು ಹೇಗೆ? ಸುದ್ದಿಪತ್ರ ಕಳಿಸಿಕೊಡುವ ತಂತ್ರಾಂಶಗಳು ಪ್ರತಿ ಪತ್ರದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿತ್ರ ಇಟ್ಟಿರುತ್ತವೆ. ಉದ್ದ ಒಂದು ಪಿಕ್ಸೆಲ್, ಅಗಲ ಒಂದು ಪಿಕ್ಸೆಲ್. ಪತ್ರ ತೆರೆದಾಗ ಓದುಗರ ಫೋನು ಆ ಚಿತ್ರವನ್ನು ಸರ್ವರಿನಿಂದ ತರಿಸಿಕೊಳ್ಳುತ್ತದೆ. ಪ್ರತಿಯೊಬ್ಬರ ಚುಕ್ಕೆಗೂ ಬೇರೆ ಬೇರೆ ವಿಳಾಸ. ಯಾವ ಚುಕ್ಕೆಯನ್ನು ಕೇಳಿದರೋ ಆ ಪತ್ರ ತೆರೆದಿದೆ ಎಂದು ಲೆಕ್ಕ.

ಈ ಸಾಕ್ಷ್ಯ ಈಗ ನಂಬುವಂತಿಲ್ಲ. 2013ರ ಡಿಸೆಂಬರಿನಿಂದ ಜಿಮೇಲ್ ಚಿತ್ರಗಳನ್ನು ತನ್ನದೇ ಸರ್ವರುಗಳ ಮೂಲಕ ತರಿಸತೊಡಗಿತು. 2021ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಐಒಎಸ್ 15ರ ಮೇಲ್ ಆ್ಯಪಿನಲ್ಲಿ ಗೋಪ್ಯತೆಯ ಸೌಲಭ್ಯ ಒಪ್ಪಿಕೊಂಡವರ ಪತ್ರಗಳ ಚಿತ್ರಗಳನ್ನೆಲ್ಲ, ಅವರು ತೆರೆಯಲಿ ಬಿಡಲಿ, ಆ್ಯಪಲ್ ಮೊದಲೇ ತರಿಸಿಡುತ್ತದೆ. ಐಫೋನಿನಲ್ಲಿ ಪತ್ರ ಮುಟ್ಟದೆ ಬಿದ್ದಿದ್ದರೂ ಲೆಕ್ಕದಲ್ಲಿ ಅದು ‘ತೆರೆದಿದೆ’. ಇನ್ನೊಂದು ಕಡೆ, ಚಿತ್ರಗಳನ್ನು ಬಂದ್ ಮಾಡಿಕೊಂಡು ಒಂದಕ್ಷರ ಬಿಡದೆ ಓದುವ ನಿವೃತ್ತ ಇಂಜಿನಿಯರ್ ‘ತೆರೆದೇ ಇಲ್ಲ’. ಓದದವರನ್ನು ಓದಿದವರೆಂದೂ ಓದಿದವರನ್ನು ಓದದವರೆಂದೂ ಹೇಳುವ ಅಳತೆಗೋಲು ಇದು. ಲಿಂಕ್ ಒತ್ತಿದ ಲೆಕ್ಕ ಸ್ವಲ್ಪ ವಾಸಿ. ಆದರೆ ಕಂಪನಿಗಳ ಭದ್ರತಾ ತಂತ್ರಾಂಶಗಳು ವೈರಸ್ ಹುಡುಕಲು ಲಿಂಕುಗಳನ್ನು ತಾವೇ ಒತ್ತಿ ನೋಡುವುದೂ ಉಂಟು. ಯಂತ್ರ ಸುಲಭವಾಗಿ ನಕಲು ಮಾಡಲಾರದ್ದು ಒಂದೇ: ಓದುಗರು ಕೂತು ಬರೆದ ನಾಲ್ಕು ಸಾಲಿನ ಉತ್ತರ.

ಅಂಚೆಚೀಟಿ ಯಾರ ಖರ್ಚು?

ಬ್ರಿಟನ್ನಿನಲ್ಲಿ 1840ಕ್ಕೆ ಮೊದಲು ಕಾಗದದ ಅಂಚೆ ಖರ್ಚನ್ನು ಸಾಮಾನ್ಯವಾಗಿ ಪಡೆಯುವವರೇ ಕೊಡಬೇಕಿತ್ತು. ಬೇಡವೆಂದರೆ ವಾಪಸು ಕಳಿಸಬಹುದಿತ್ತು. ರೋಲಂಡ್ ಹಿಲ್ ತಂದ ಸುಧಾರಣೆ ಇದನ್ನು ತಿರುಗಿಸಿ, ಕಳಿಸುವವರೇ ಒಂದು ಪೆನ್ನಿಯ ಚೀಟಿ ಅಂಟಿಸುವಂತೆ ಮಾಡಿತು. ಇಮೇಲು ಈ ಪದ್ಧತಿಯನ್ನೂ ಮುರಿಯಿತು. ಕಳಿಸುವವರಿಗೆ ಹತ್ತು ಪತ್ರಕ್ಕೂ ಹತ್ತು ಸಾವಿರ ಪತ್ರಕ್ಕೂ ಖರ್ಚಿನಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ ಪಡೆಯುವವರು ಇವತ್ತಿಗೂ ಬೆಲೆ ತೆರುತ್ತಾರೆ. ಅದು ಗಮನದ ಬೆಲೆ. ಮಾಹಿತಿ ತುಂಬಿ ತುಳುಕಿದಾಗ ಬರಗಾಲ ಬರುವುದು ಗಮನಕ್ಕೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಗುರುತಿಸಿದ್ದರು. ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಇಮೇಲ್ ಕಳಿಸಿದ್ದೂ ಅದೇ ವರ್ಷ.

ಏಳೇ ವರ್ಷಕ್ಕೆ ಸೈಮನ್ ಮಾತು ನಿಜವಾಯಿತು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುಯೆರ್ಕ್, ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಆರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಏಟಿಗೆ ಪತ್ರ ಕಳಿಸಿದರು. ಕೇಳದೆ ಬಂದ ಈ ಜಾಹೀರಾತಿಗೆ ಜಾಲದವರು ಸಿಡಿಮಿಡಿಗೊಂಡರು. ಸ್ಪ್ಯಾಮಿನ ಚರಿತ್ರೆ ಶುರುವಾಗುವುದು ಇಲ್ಲಿಂದ. 1992ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಒಂದು ಮದ್ದು ಸೂಚಿಸಿದರು. ಪ್ರತಿ ಪತ್ರ ಕಳಿಸುವ ಮೊದಲು ಕಂಪ್ಯೂಟರು ಒಂದು ಸಣ್ಣ ಲೆಕ್ಕ ಬಿಡಿಸಬೇಕು. ಒಂದು ಪತ್ರಕ್ಕೆ ಅದು ಹೊರೆಯಲ್ಲ, ಲಕ್ಷ ಪತ್ರಕ್ಕೆ ಹೊರಲಾಗದ ಹೊರೆ. ಅಂಚೆಚೀಟಿಯನ್ನು ಗಣಿತವಾಗಿ ಮಾಡುವ ಈ ಉಪಾಯ ಇಮೇಲಿನಲ್ಲಿ ನೆಲೆಯೂರಲಿಲ್ಲ. ಅದೇ ಬಗೆಯ ಲೆಕ್ಕ ಮುಂದೆ ಬಿಟ್‌ಕಾಯಿನ್ ಗಣಿಗಾರಿಕೆಯ ತಳಹದಿಯಾಯಿತು. ಅದು ಬೇರೆ ಕಥೆ.

ಅಂಚೆಯಲ್ಲಿ ಗೆದ್ದದ್ದು ಸಂಭವನೀಯತೆಯ ಗಣಿತ. ಥಾಮಸ್ ಬೇಯ್ಸ್ ಎಂಬ ಪಾದ್ರಿ ತೀರಿಕೊಂಡ ಮೇಲೆ, 1763ರಲ್ಲಿ ಪ್ರಕಟವಾದ ಸೂತ್ರವದು. ನಿಮಗೆ ಬಂದ 1000 ಪತ್ರಗಳಲ್ಲಿ 400 ಸ್ಪ್ಯಾಮ್ ಅಂದುಕೊಳ್ಳಿ. ‘ಉಚಿತ’ ಎಂಬ ಪದ ಆ 400ರ ಪೈಕಿ 200ರಲ್ಲಿದೆ, ಉಳಿದ 600 ಒಳ್ಳೆಯ ಪತ್ರಗಳಲ್ಲಿ 30ರಲ್ಲಿ ಮಾತ್ರ. ಈಗ ಬಂದ ಹೊಸ ಪತ್ರದಲ್ಲಿ ‘ಉಚಿತ’ ಕಂಡರೆ ಅದು ಸ್ಪ್ಯಾಮ್ ಆಗಿರುವ ಸಂಭವ 230ರಲ್ಲಿ 200, ನೂರಕ್ಕೆ 87. ಹೀಗೆ ಒಂದೊಂದು ಪದದ ಸಾಕ್ಷ್ಯವನ್ನೂ ಕೂಡಿಸುತ್ತ ಹೋದರೆ ತೀರ್ಪು ಗಟ್ಟಿಯಾಗುತ್ತದೆ. 2002ರಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧವೊಂದರಿಂದ ಈ ವಿಧಾನ ಮನೆಮಾತಾಯಿತು.

ಪದಗಳನ್ನಷ್ಟೇ ತೂಗುವ ಕಾಲವೂ ಈಗ ಹೋಯಿತು. ಇಂದಿನ ಫಿಲ್ಟರುಗಳು ಕಳಿಸುವವರ ನಡತೆಯನ್ನೂ ಪಡೆದವರ ಪ್ರತಿಕ್ರಿಯೆಯನ್ನೂ ತೂಗುತ್ತವೆ. ಇಂಥ ವಿಳಾಸದಿಂದ ಬಂದ ಪತ್ರಗಳನ್ನು ಜನ ಏನು ಮಾಡಿದರು? ಉತ್ತರಿಸಿದರೇ, ಓದದೆ ಅಳಿಸಿದರೇ, ‘ಸ್ಪ್ಯಾಮ್’ ಗುಂಡಿ ಒತ್ತಿದರೇ? ಮೇಷ್ಟ್ರ ಪತ್ರ ನಿಮ್ಮ ಇನ್‌ಬಾಕ್ಸಿಗೆ ಬರುತ್ತದೋ ಮೂಲೆಗೆ ಬೀಳುತ್ತದೋ ಎನ್ನುವುದು ಪಟ್ಟಿಯಲ್ಲಿರುವ ಅಪರಿಚಿತರು ಒತ್ತಿದ ಗುಂಡಿಯ ಮೇಲೂ ನಿಂತಿದೆ.

2024ರ ಫೆಬ್ರವರಿಯಿಂದ ಜಿಮೇಲ್ ಈ ಅಲಿಖಿತ ಕಾನೂನಿಗೆ ಅಂಕಿ ಕೊಟ್ಟಿದೆ. ಸ್ಪ್ಯಾಮ್ ಎಂಬ ದೂರು ನೂರಕ್ಕೆ 0.3 ಮುಟ್ಟಬಾರದು, 0.1ರ ಒಳಗಿದ್ದರೆ ಕ್ಷೇಮ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಅನುಕೂಲ ಕೊಡಬೇಕು, ಹೋಗುತ್ತೇನೆ ಎಂದವರನ್ನು ಎರಡು ದಿನದೊಳಗೆ ಬಿಡಬೇಕು. ಯಾಹೂ ಕೂಡ ಇದೇ ಹೊತ್ತಿಗೆ ಇಂಥದೇ ನಿಯಮ ತಂದಿತು. 0.3 ಎಂದರೆ ಎಷ್ಟು? ಸಾವಿರ ಪತ್ರಕ್ಕೆ ಮೂರು ದೂರು. 200 ಜನರ ಪಟ್ಟಿಯಲ್ಲಿ ಒಬ್ಬರು ಗುಂಡಿ ಒತ್ತಿದರೂ 0.5 ಆಯಿತು.

ಸ್ಪ್ಯಾಮ್ ಗುಂಡಿ ಒತ್ತುವವರೆಲ್ಲ ಸಿಟ್ಟಿನವರಲ್ಲ. ಹಿಂದೊಮ್ಮೆ ತಾವೇ ಕೇಳಿ ಸೇರಿದವರು, ಈಗ ಬೇಡವಾಗಿದೆ. ಪತ್ರದ ತಳದಲ್ಲಿ ಅನ್‌ಸಬ್‌ಸ್ಕ್ರೈಬ್ ಲಿಂಕ್ ಹುಡುಕುತ್ತಾರೆ. ಬೂದು ಬಣ್ಣದ ಇರುವೆ ಗಾತ್ರದ ಅಕ್ಷರ. ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ಕಾರಣ ಕೇಳುತ್ತದೆ. ಸ್ಪ್ಯಾಮ್ ಗುಂಡಿಯಾದರೋ ಪರದೆಯ ಮೇಲ್ಗಡೆ, ಹೆಬ್ಬೆರಳಿಗೆ ಸಿಗುವಂತಿದೆ. ಯಾರಾದರೂ ಅದನ್ನೇ ಒತ್ತುತ್ತಾರೆ. ಬಾಗಿಲು ಬಚ್ಚಿಟ್ಟ ಸಂಪಾದಕರಿಗೆ ಬಿಡುವವರ ದರ ಕಡಿಮೆಯಾದಂತೆ ಕಾಣುತ್ತದೆ, ತೊಟ್ಟಿಯ ತೂತು ಮುಚ್ಚಿತೆಂದು ಸಂತೋಷವೂ ಆಗುತ್ತದೆ. ಆದರೆ ಹೊರಗೆ ಬಿಡದೆ ಹಿಡಿದಿಟ್ಟ ಒಬ್ಬೊಬ್ಬರೂ ಉಳಿದವರ ಪತ್ರವನ್ನು ಮೂಲೆಗೆ ತಳ್ಳುವ ಕೆಲಸದಲ್ಲಿ ಕೈಜೋಡಿಸುತ್ತಿರುತ್ತಾರೆ. ಸಲೀಸಾಗಿ ಬಿಟ್ಟುಹೋದ ಓದುಗರಿಂದ ಪಟ್ಟಿಗೆ ಒಂದು ಸಂಖ್ಯೆ ನಷ್ಟ. ಸಿಕ್ಕಿಹಾಕಿಕೊಂಡ ಓದುಗರಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಕನ್ನಡ ಪತ್ರದ ತೂಕ

ಈ ಬಾಗಿಲು ಕನ್ನಡದ ಪತ್ರಗಳಲ್ಲಿ ಯಾರೂ ಬಚ್ಚಿಡದೆಯೂ ಮರೆಯಾಗುವುದುಂಟು. ಕಾರಣ ನಮ್ಮ ಅಕ್ಷರಗಳ ತೂಕ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಒಂದು ಬೈಟ್ ಸಾಕು. ಇಮೇಲುಗಳಲ್ಲಿ ಬಳಕೆಯಾಗುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಕಾಗುಣಿತದ ಗುರುತು, ಒತ್ತಕ್ಷರ ಮೂಡಿಸುವ ‘ವಿರಾಮ’ ಎಂಬ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕ. ‘ನಮಸ್ಕಾರ’ ಎಂದರೆ ನ, ಮ, ಸ, ವಿರಾಮ, ಕ, ದೀರ್ಘ, ರ: ಏಳು ಚಿಹ್ನೆ, 21 ಬೈಟ್.

ಪ್ರಯಾಣದಲ್ಲಿ ಈ ತೂಕ ಇನ್ನೂ ಹೆಚ್ಚುತ್ತದೆ. 1982ರಲ್ಲಿ ರೂಪುಗೊಂಡ ಇಮೇಲ್ ಸಾಗಣೆಯ ನಿಯಮಗಳು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದವು. ಬೇರೆ ಲಿಪಿಗಳನ್ನೂ ಚಿತ್ರಗಳನ್ನೂ ಅದೇ ದಾರಿಯಲ್ಲಿ ಸಾಗಿಸಲು 1992ರಲ್ಲಿ ‘ಮೈಮ್’ ಎಂಬ ಏರ್ಪಾಡು ಬಂತು. ಅದರ ಬೇಸ್64 ವಿಧಾನ ಪ್ರತಿ ಮೂರು ಬೈಟನ್ನು ನಾಲ್ಕು ಇಂಗ್ಲಿಷ್ ಚಿಹ್ನೆಗಳಾಗಿ ವೇಷ ಬದಲಿಸುತ್ತದೆ. ನಮ್ಮ ‘ಕ’ ತಂತಿಯ ಮೇಲೆ ಓಡುವಾಗ ‘ಕ’ ಆಗಿರುವುದಿಲ್ಲ. 4 ಎಂಬ ಅಂಕಿ, ಎಲ್, ಕೆ, ವಿ ಎಂಬ ಮೂರು ದೊಡ್ಡಕ್ಷರ, ಹೀಗೆ ನಾಲ್ಕು ಚಿಹ್ನೆಗಳ ಸಾಲು. ಆಚೆ ತುದಿಯ ಫೋನು ಅದನ್ನು ಬಿಚ್ಚಿ ಮತ್ತೆ ‘ಕ’ ಮಾಡಿಕೊಳ್ಳುತ್ತದೆ.

ಇರಲಿ, ಓದುಗರಿಗೇನು? ಜಿಮೇಲ್ ಸುಮಾರು 102 ಕಿಲೋಬೈಟ್ ಮೀರಿದ ಪತ್ರವನ್ನು ಅಲ್ಲಿಗೇ ಕತ್ತರಿಸಿ, ಪೂರ್ತಿ ಬೇಕಿದ್ದರೆ ಇಲ್ಲಿ ಒತ್ತಿ ಎನ್ನುತ್ತದೆ. ಇಂಗ್ಲಿಷಿನಲ್ಲಿ ಇದು ಒಂದು ಲಕ್ಷ ಅಕ್ಷರ. ಕನ್ನಡದಲ್ಲಿ ಸುಮಾರು 35 ಸಾವಿರ ಚಿಹ್ನೆ. ಬಣ್ಣ, ಚೌಕಟ್ಟು, ಗುಂಡಿಗಳ ವಿನ್ಯಾಸದ ಕೋಡ್ ಇದರಲ್ಲೇ ದೊಡ್ಡ ಪಾಲು ತಿನ್ನುತ್ತದೆ. ಎರಡು ಉದ್ದ ಲೇಖನ, ಒಂದು ಸಂದರ್ಶನ ತುಂಬಿದರೆ ಕನ್ನಡ ಪತ್ರ ಗಡಿ ದಾಟಬಹುದು. ಆಗ ಕತ್ತರಿಗೆ ಸಿಗುವುದು ಪತ್ರದ ತಳ. ತಳದಲ್ಲಿ ಇರುವುದು ಏನು? ಎಣಿಕೆಯ ಆ ಕಾಣದ ಚುಕ್ಕೆ ಮತ್ತು ಅನ್‌ಸಬ್‌ಸ್ಕ್ರೈಬ್ ಲಿಂಕು. ಓದಿದವರು ಲೆಕ್ಕಕ್ಕೆ ಸಿಗುವುದಿಲ್ಲ, ಹೊರಡಬೇಕೆಂದವರಿಗೆ ಬಾಗಿಲು ಸಿಗುವುದಿಲ್ಲ. ಪರಿಹಾರ ಸರಳ: ವಿನ್ಯಾಸ ಹಗುರವಾಗಿರಲಿ, ಹೊರಹೋಗುವ ಲಿಂಕು ಪತ್ರದ ಮೇಲ್ಗಡೆಯೂ ಇರಲಿ.

ಎಲ್ಲರನ್ನೂ ಕೇಳಿದರೆ ಯಾರೂ ಹೇಳುವುದಿಲ್ಲ

ಇನ್ನು ಉಳಿದವರ ವಿಷಯ. 200 ಜನ ಇದ್ದಾಗ ‘ನಿಮ್ಮ ಅನಿಸಿಕೆ ತಿಳಿಸಿ’ ಎಂದರೆ ಹತ್ತಾರು ಉತ್ತರ ಬರುತ್ತಿತ್ತು, ಸಾವಿರ ದಾಟಿದ ಮೇಲೆ ಎಲ್ಲರೂ ಗಪ್‌ಚುಪ್ ಎಂದು ಗೊಣಗುವ ಸಂಪಾದಕರಿದ್ದಾರೆ. ಇದಕ್ಕೆ 1968ರ ಪ್ರಯೋಗವೊಂದರಲ್ಲಿ ಸುಳಿವಿದೆ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ನ್ಯೂಯಾರ್ಕಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಪ್ರತ್ಯೇಕ ಕೋಣೆಗಳಲ್ಲಿ ಕೂರಿಸಿ, ಇಂಟರ್‌ಕಾಮಿನಲ್ಲಿ ಮಾತಾಡಲು ಹಚ್ಚಿದರು. ನಡುವೆ ಒಬ್ಬಾತ ಮೂರ್ಛೆ ಬಂದವನಂತೆ ತೊದಲುತ್ತ ಸಹಾಯ ಕೇಳುತ್ತಾನೆ. ಅದು ಮೊದಲೇ ಮುದ್ರಿಸಿಟ್ಟ ದನಿ, ಕೇಳುವವರಿಗೆ ಗೊತ್ತಿಲ್ಲ. ತನಗೊಬ್ಬನಿಗೇ ಕೇಳಿಸುತ್ತಿದೆ ಎಂದು ನಂಬಿದವರಲ್ಲಿ ನೂರಕ್ಕೆ 85 ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಎದ್ದವರು ನೂರಕ್ಕೆ 31. ಕಲ್ಲು ಮನಸ್ಸಿನವರೆಂದಲ್ಲ. ಜವಾಬ್ದಾರಿ ಐದು ಪಾಲಾಗಿತ್ತು.

ಪ್ರಾಣಕ್ಕೆ ಕುತ್ತು ಬಂದಾಗಲೇ ಹೀಗಾದರೆ, ಹಕ್ಕಿಪತ್ರದ ಅನಿಸಿಕೆಗೆ ಯಾರು ಏಳುತ್ತಾರೆ? ‘ಪ್ರಿಯ ಓದುಗರೇ’ ಎಂದು ಸಾವಿರ ಮಂದಿಯನ್ನು ಕೇಳಿದ ಪ್ರಶ್ನೆ ಯಾರನ್ನೂ ಕೇಳಿದಂತಲ್ಲ. ಹರಿಹರ–ದಾವಣಗೆರೆ ಸೀಮೆಯವರನ್ನು ಮಾತ್ರ ಆರಿಸಿ, ‘ನಿಮ್ಮೂರ ಕೆರೆಗೆ ಈ ವಾರ ಪಟ್ಟೆತಲೆ ಹೆಬ್ಬಾತು ಬಂದಿದೆಯೇ?’ ಎಂದು ಕೇಳಿದರೆ ಉತ್ತರ ಬರುತ್ತದೆ. ಪ್ರಶ್ನೆ ಸಣ್ಣದಿರಬೇಕು, ಅವರಿಗೆ ಮಾತ್ರ ಗೊತ್ತಿರುವಂಥದಿರಬೇಕು, ಒಂದು ಸಾಲಿನಲ್ಲಿ ಮುಗಿಯಬೇಕು. ಬಂದ ಉತ್ತರ ಮುಂದಿನ ಸಂಚಿಕೆಯ ಸಾಮಗ್ರಿಯೂ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಓದುಗರು ಉತ್ತರ ಬರೆದ ವಿಳಾಸವನ್ನು ಅಂಚೆಯ ಫಿಲ್ಟರು ಸಾಮಾನ್ಯವಾಗಿ ಪರಿಚಿತರ ಸಾಲಿಗೆ ಸೇರಿಸುತ್ತದೆ. ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂಬ ನೋ-ರಿಪ್ಲೈ ಖಾತೆಯಿಂದ ಪತ್ರ ಕಳಿಸುವವರು ಈ ಎರಡು ಲಾಭವನ್ನೂ ತಾವೇ ಒದ್ದುಕೊಂಡಂತೆ.

ಎಷ್ಟು ದಿನಕ್ಕೊಮ್ಮೆ ಕಳಿಸಬೇಕು? ಈ ಪ್ರಶ್ನೆಗೆ ಕಡಲ ಮೊಲವೆಂಬ ಬಸವನಹುಳುವಿನ ನೆಂಟ ಸ್ವಲ್ಪ ನೆರವಾಗುತ್ತದೆ. ಎರಿಕ್ ಕ್ಯಾಂಡೆಲ್ 2000ದ ನೊಬೆಲ್ ಪಡೆದದ್ದು ಈ ಅಪ್ಲೀಸಿಯಾದ ನರಗಳ ಅಧ್ಯಯನಕ್ಕೆ. ಮೈ ಮೇಲಿನ ಕೊಳವೆಯನ್ನು ಮೆಲ್ಲಗೆ ಮುಟ್ಟಿದರೆ ಅದು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತ ಹೋಗುತ್ತದೆ. ಹಾನಿಯಿಲ್ಲದ, ಲಾಭವೂ ಇಲ್ಲದ ಪ್ರಚೋದನೆಯನ್ನು ನರಮಂಡಲ ಲೆಕ್ಕದಿಂದ ಬಿಡುವ ಈ ಗುಣಕ್ಕೆ ಒಗ್ಗಿಕೊಳ್ಳುವಿಕೆ ಎನ್ನುತ್ತಾರೆ. ರಿಚರ್ಡ್ ಥಾಂಪ್ಸನ್ ಮತ್ತು ಆಲ್ಡನ್ ಸ್ಪೆನ್ಸರ್ 1966ರಲ್ಲಿ ಅದರ ಲಕ್ಷಣಗಳನ್ನು ಪಟ್ಟಿ ಮಾಡಿದರು: ಪ್ರಚೋದನೆ ದುರ್ಬಲವಾಗಿದ್ದಷ್ಟೂ, ಪದೇ ಪದೇ ಬಂದಷ್ಟೂ ಒಗ್ಗಿಕೊಳ್ಳುವುದು ಬೇಗ, ಬಿಡುವು ಕೊಟ್ಟರೆ ಪ್ರತಿಕ್ರಿಯೆ ಮರಳುತ್ತದೆ. ಕಡಲ ಮೊಲದಿಂದ ಕನ್ನಡ ಓದುಗರಿಗೆ ನೇರ ದಾರಿಯೇನಿಲ್ಲ. ಆದರೂ ಹೇಳಲು ಏನೂ ಇಲ್ಲದ ವಾರ, ವಾರ ಬಂತಲ್ಲ ಎಂದು ಕಳಿಸುವ ಪತ್ರ ದುರ್ಬಲವೂ ಹೌದು, ಪದೇ ಪದೇ ಬಂದದ್ದೂ ಹೌದು. ಮುಂದಿನ ಗಟ್ಟಿ ಸಂಚಿಕೆಯನ್ನೂ ಕಣ್ಣು ದಾಟಿಸಿಬಿಡುವಂತೆ ಅದು ಓದುಗರಿಗೆ ತರಬೇತಿ ಕೊಡುತ್ತದೆ.

ಪಟ್ಟಿ ಸವರುವ ಕೆಲಸ

ಬೆಳೆಯುವ ಪಟ್ಟಿಗೆ ಬೇಕಾದ ಕಷ್ಟದ ಕೆಲಸ ಇದೇ. ವರ್ಷದಿಂದ ಸದ್ದಿಲ್ಲದವರನ್ನು ಹಾಗೇ ಇಟ್ಟುಕೊಳ್ಳುವುದರಲ್ಲಿ ಅಪಾಯವಿದೆ. ಅವರಲ್ಲಿ ಕೆಲವರು ಆ ವಿಳಾಸವನ್ನೇ ಬಿಟ್ಟಿರುತ್ತಾರೆ. ಹೀಗೆ ಪಾಳುಬಿದ್ದ ವಿಳಾಸಗಳನ್ನು ಕೆಲವು ಅಂಚೆ ಸಂಸ್ಥೆಗಳು ಬಲೆಯಾಗಿ ಬಳಸುತ್ತವೆ. ಅಲ್ಲಿಗೆ ಪತ್ರ ಬಂದರೆ, ಕಳಿಸಿದವರು ಪಟ್ಟಿಯನ್ನು ನೋಡಿಕೊಳ್ಳುತ್ತಿಲ್ಲ ಎಂದೇ ಅರ್ಥ. ಆದರೆ ಚುಕ್ಕೆಯ ಸಾಕ್ಷ್ಯ ನಂಬಿ ಕಣ್ಣುಮುಚ್ಚಿ ಅಳಿಸಿದರೆ, ಚಿತ್ರ ಬಂದ್ ಮಾಡಿ ಓದುವ ಆ ನಿವೃತ್ತ ಇಂಜಿನಿಯರ್ ಕೂಡ ಹೋಗಿಬಿಡುತ್ತಾರೆ. ಹಾಗಾಗಿ ಮೊದಲು ಕೇಳಬೇಕು: ‘ಪತ್ರ ಬರುತ್ತಿರಲಿ ಎಂದರೆ ಇಲ್ಲೊಮ್ಮೆ ಒತ್ತಿ, ಬೇಡವಾದರೆ ಏನೂ ಮಾಡಬೇಕಿಲ್ಲ, ನಾವೇ ನಿಲ್ಲಿಸುತ್ತೇವೆ.’ ಎರಡು ಸಲ ಕೇಳಿ, ಸದ್ದಿಲ್ಲದಿದ್ದರೆ ತೆಗೆಯಬೇಕು.

ಒಂದು ಸಾವಿರದ ಪಟ್ಟಿ ಹೀಗೆ ಏಳುನೂರಕ್ಕೆ ಇಳಿಯಬಹುದು. ಹೇಳಿಕೊಳ್ಳಲು ಮುಜುಗರ. ಆದರೆ ಹೋದ ಮುನ್ನೂರು ಮಂದಿ ಓದುತ್ತಿರಲಿಲ್ಲ. ಅವರಲ್ಲಿ ಮೂವರು ಸ್ಪ್ಯಾಮ್ ಗುಂಡಿ ಒತ್ತಿದ್ದರೂ ಉಳಿದ ಏಳುನೂರು ಮಂದಿಗೆ ಪತ್ರ ತಲುಪುವುದೇ ಅನುಮಾನವಾಗುತ್ತಿತ್ತು. ಆದ್ದರಿಂದ ತಿಂಗಳ ಕೊನೆಗೆ ಬರೆದಿಡಬೇಕಾದ ಅಂಕಿಗಳು ಮೂರು: ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಬಾಗಿಲಿನಿಂದಲೇ ಹೊರಟರು, ಎಷ್ಟು ಮಂದಿ ಉತ್ತರ ಬರೆದರು. ಎರಡನೆಯದು ಸೊನ್ನೆಯಾಗಿದ್ದರೆ ಖುಷಿಪಡುವ ಮೊದಲು, ನಿಮ್ಮದೇ ಪತ್ರವನ್ನು ನಿಮ್ಮದೇ ಫೋನಿನಲ್ಲಿ ತೆರೆದು, ಹೊರಗೆ ಹೋಗುವ ದಾರಿ ಇದೆಯೇ ಎಂದು ಒಮ್ಮೆ ಒತ್ತಿ ನೋಡಿ.